ಉಪಗ್ರಹ ಚಿತ್ರಗಳ ವ್ಯಾಪಾರ: ನಿಜವಾಗಿ ದುಡ್ಡು ಕೊಡುವವರು ಯಾರು?

ಪಿಕ್ಸೆಲ್_ಪ್ರಿಯ

ಎಲ್ಲರಿಗೂ ನಮಸ್ಕಾರ. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳ ಉದ್ಯಮವನ್ನು ಕೆಲವು ವರ್ಷಗಳಿಂದ ಹೊರಗಿನಿಂದ ನೋಡುತ್ತಾ ಬಂದಿದ್ದೇನೆ. ಒಂದು ಲೆಕ್ಕ ಮಾತ್ರ ತಾಳೆ ಆಗುತ್ತಿಲ್ಲ.

ಖರ್ಚು ಇಳಿದಿದೆ, ಅದು ನಿಜ. 2017ರ ಫೆಬ್ರವರಿಯಲ್ಲಿ ಪಿಎಸ್‌ಎಲ್‌ವಿ-ಸಿ37 ಒಂದೇ ಸಲ 104 ಉಪಗ್ರಹ ಹೊತ್ತು ಹೋಯಿತು. ಅದರಲ್ಲಿ 88 ಪ್ಲಾನೆಟ್ ಕಂಪನಿಯ ಡವ್‌ಗಳು, ಒಂದೊಂದೂ 10 × 10 × 30 ಸೆಂ.ಮೀ. ಡಬ್ಬಿ. 2021ರ ಜನವರಿಯಲ್ಲಿ ಸ್ಪೇಸ್‌ಎಕ್ಸ್‌ನ ಟ್ರಾನ್ಸ್‌ಪೋರ್ಟರ್-1 ಒಂದೇ ಹಾರಾಟದಲ್ಲಿ 143 ಉಪಗ್ರಹ ಬಿಟ್ಟಿತು. ಹೀಗೆ ಹಂಚಿಕೊಂಡು ಹೋಗುವ ಸೀಟಿಗೆ ಆ ಹೊತ್ತಿನ ದರ ಕೆ.ಜಿ.ಗೆ 5,000 ಡಾಲರ್.

ಆದರೆ ಲಾಭ ಎಲ್ಲಿ? ಪ್ಲಾನೆಟ್ 2021ರ ಕೊನೆಗೆ ಷೇರುಪೇಟೆಗೆ ಬಂತು. 2023ರಲ್ಲೂ ಸಿಬ್ಬಂದಿ ಕಡಿತ, 2024ರಲ್ಲೂ ಕಡಿತ. ಪ್ರತಿ ಮಾರುಕಟ್ಟೆ ವರದಿಯಲ್ಲಿ ಕೃಷಿ, ವಿಮೆ, ಗಣಿ, ಹಡಗು, ಅರಣ್ಯ ಅಂತ ಉದ್ದ ಪಟ್ಟಿ ಇರುತ್ತದೆ. ಅವರೆಲ್ಲ ನಿಜಕ್ಕೂ ಕೊಳ್ಳುತ್ತಿದ್ದಾರಾ? ಒಳಗೆ ಇರುವವರು ಹೇಳಿ.

ಹಳೇ_ನಕ್ಷೆ

ನಿಮ್ಮ ಪ್ರಶ್ನೆಗೆ 40 ವರ್ಷದ ಹಿಂದೆಯೇ ಒಂದು ಸಲ ಉತ್ತರ ಸಿಕ್ಕಿದೆ. ಯಾರೂ ನೆನಪಿಟ್ಟುಕೊಂಡಿಲ್ಲ ಅಷ್ಟೇ.

ಲ್ಯಾಂಡ್‌ಸ್ಯಾಟ್ ಅಂದರೆ ಭೂಮಿಯ ಚಿತ್ರ ತೆಗೆಯುವ ಅಮೆರಿಕ ಸರ್ಕಾರದ ಉಪಗ್ರಹ ಸರಣಿ, ಮೊದಲನೆಯದು ಹಾರಿದ್ದು 1972ರಲ್ಲಿ. 1984ರಲ್ಲಿ ಅಮೆರಿಕ ಕಾನೂನು ಮಾಡಿ ಅದನ್ನು ಖಾಸಗಿಯವರಿಗೆ ಕೊಟ್ಟಿತು. ಇಯೋಸ್ಯಾಟ್ ಅಂತ ಒಂದು ಕಂಪನಿ ವಹಿಸಿಕೊಂಡಿತು. ಚಿತ್ರ ಮಾರಿ ದುಡ್ಡು ಮಾಡಬಹುದು, ಮುಂದಿನ ಉಪಗ್ರಹದ ಖರ್ಚೂ ಅದರಲ್ಲೇ ಹುಟ್ಟುತ್ತದೆ ಅನ್ನುವುದು ಆಸೆ. ಒಂದು ಸೀನ್‌ನ, ಅಂದರೆ ಒಂದು ಚಿತ್ರದ, ಬೆಲೆ 4,000 ಡಾಲರ್ ದಾಟಿತು. ವಿಶ್ವವಿದ್ಯಾಲಯಗಳು ಕೊಳ್ಳುವುದನ್ನು ಬಿಟ್ಟವು. ಯಾರೂ ಆರ್ಡರ್ ಕೊಡದ ಜಾಗಗಳ ಚಿತ್ರ ತೆಗೆಯುವುದೇ ಕಡಿಮೆಯಾಯಿತು. ಹಾಗಾಗಿ ಆ ವರ್ಷಗಳ ಆರ್ಕೈವ್‌ನಲ್ಲಿ (ಹಳೇ ಚಿತ್ರಗಳ ಸಂಗ್ರಹದಲ್ಲಿ) ಇವತ್ತಿಗೂ ತೂತುಗಳಿವೆ. 1989ರಲ್ಲಂತೂ ದುಡ್ಡಿಲ್ಲ ಅಂತ ಕೆಲಸ ಮಾಡುತ್ತಿದ್ದ ಎರಡು ಉಪಗ್ರಹಗಳನ್ನೇ ಆಫ್ ಮಾಡುವ ಹಂತಕ್ಕೆ ಬಂದಿತ್ತು. 1992ರಲ್ಲಿ ಇನ್ನೊಂದು ಕಾನೂನು ಮಾಡಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು.

2008ರಲ್ಲಿ ಇಡೀ ಆರ್ಕೈವ್ ಉಚಿತ ಮಾಡಿದರು. ಮಾರುತ್ತಿದ್ದಾಗ ದಿನಕ್ಕೆ ಹತ್ತಾರು ಸೀನ್ ಹೋಗುತ್ತಿದ್ದವು. ಉಚಿತವಾದ ಮೇಲೆ ಸಾವಿರಗಟ್ಟಲೆ.

ಇದರಿಂದ ನನಗೆ ಅನಿಸಿದ್ದು ಇಷ್ಟು. ಈ ಚಿತ್ರಗಳಿಂದ ಜಗತ್ತಿಗೆ ಆಗುವ ಉಪಯೋಗ ದೊಡ್ಡದು. ಆದರೆ ಆ ಉಪಯೋಗ ಸಾವಿರ ಜನರ ಮಧ್ಯೆ ಚೂರು ಚೂರಾಗಿ ಹಂಚಿಹೋಗುತ್ತದೆ. ಅದನ್ನು ಬಿಲ್ ಮಾಡಿ ವಸೂಲು ಮಾಡಲು ಆಗುವುದಿಲ್ಲ.

ಲೆಕ್ಕಾಚಾರಿ

@ಪಿಕ್ಸೆಲ್_ಪ್ರಿಯ, ಕೊಳ್ಳುವವರು ಯಾರು ಅಂತ ಕೇಳಿದಿರಿ. ನೇರ ಉತ್ತರ: ರಕ್ಷಣೆ ಮತ್ತು ಗುಪ್ತಚರ. ಮಿಕ್ಕವರೆಲ್ಲ ಸೇರಿದರೂ ಸಣ್ಣ ವಸ್ತುವೂ ಕಾಣುವಂಥ ಸ್ಪಷ್ಟ ಚಿತ್ರ ತೆಗೆಯುವ ಕಂಪನಿಗಳಿಗೆ ಹೊಟ್ಟೆ ತುಂಬುವುದಿಲ್ಲ.

2022ರ ಮೇ ತಿಂಗಳಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳನ್ನು ನಡೆಸುವ ಸರ್ಕಾರಿ ಸಂಸ್ಥೆ ಎನ್‌ಆರ್‌ಒ ಮೂರು ಕಂಪನಿಗಳಿಗೆ ಹತ್ತು ವರ್ಷದ ಗುತ್ತಿಗೆ ಕೊಟ್ಟಿತು. ಎಲ್ಲ ಆಯ್ಕೆಗಳನ್ನೂ ಬಳಸಿದರೆ ಮ್ಯಾಕ್ಸಾರ್‌ಗೆ 3.24 ಬಿಲಿಯನ್ ಡಾಲರ್, ಬ್ಲ್ಯಾಕ್‌ಸ್ಕೈಗೆ ಸುಮಾರು 1 ಬಿಲಿಯನ್. ಮೂರನೆಯದು ಪ್ಲಾನೆಟ್. ಈಗ ಇದನ್ನು ಪ್ಲಾನೆಟ್‌ನ ಇಡೀ ಆದಾಯದ ಪಕ್ಕ ಇಟ್ಟು ನೋಡಿ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಅದು ಸುಮಾರು 244 ಮಿಲಿಯನ್ ಡಾಲರ್. ಇಡೀ ಭೂಮಿಯ ನೆಲವನ್ನು ಹೆಚ್ಚುಕಡಿಮೆ ದಿನಾ ಚಿತ್ರ ತೆಗೆಯುವ ಕಂಪನಿ ಅದು!

ಇನ್ನು ಖರ್ಚಿನ ಮಾತು. ಉಪಗ್ರಹ ಅಗ್ಗ ಆಗಿದೆ ಅನ್ನುವುದು ಅರ್ಧ ಸತ್ಯ. 500 ಕಿ.ಮೀ. ಎತ್ತರದಲ್ಲೂ ತೆಳ್ಳಗಿನ ಗಾಳಿಯ ಎಳೆತ ಇರುತ್ತದೆ. ಸಣ್ಣ ಉಪಗ್ರಹಗಳು ಕೆಲವೇ ವರ್ಷದಲ್ಲಿ ಮುಗಿಯುತ್ತವೆ. ಹಾಗಾಗಿ ಬಂಡವಾಳ ಒಂದೇ ಸಲ ಹಾಕಿ ಕೂರುವ ವ್ಯಾಪಾರ ಅಲ್ಲ ಇದು, ಹಾಕುತ್ತಲೇ ಇರಬೇಕು. ದೊಡ್ಡ ಉಪಗ್ರಹ ಇಟ್ಟುಕೊಂಡವರ ಕಷ್ಟ ಬೇರೆ. ಮ್ಯಾಕ್ಸಾರ್‌ನ ವರ್ಲ್ಡ್‌ವ್ಯೂ-4 ಹಾರಿದ್ದು 2016ರ ನವೆಂಬರ್‌ನಲ್ಲಿ. 2019ರ ಜನವರಿಯಲ್ಲಿ ಅದನ್ನು ಬೇಕಾದ ಕಡೆ ತಿರುಗಿಸುವ ಗೈರೋ ಕೆಟ್ಟು ಹೋಯಿತು. ವಿಮೆ 183 ಮಿಲಿಯನ್ ಡಾಲರ್ ಬಂತು, ಆದರೆ ಆ ಉಪಗ್ರಹದಿಂದ ಬರಬೇಕಿದ್ದ ವ್ಯಾಪಾರ ವಿಮೆಯಲ್ಲಿ ಬರಲ್ಲವಲ್ಲ. ಏರ್‌ಬಸ್‌ನ ಪ್ಲೇಯಾಡ್ ನಿಯೋ ಸರಣಿಯ ಎರಡು ಉಪಗ್ರಹಗಳು 2022ರ ಡಿಸೆಂಬರ್‌ನಲ್ಲಿ ವೇಗಾ-ಸಿ ರಾಕೆಟ್ ವಿಫಲವಾಗಿ ಕಕ್ಷೆಗೇ ತಲುಪಲಿಲ್ಲ.

ಇನ್ನೂ ಒಂದು ವಿಷಯ ಯಾರೂ ಹೇಳುವುದಿಲ್ಲ. ಉಪಗ್ರಹ ಸುತ್ತುವ ಹೊತ್ತಿನಲ್ಲಿ ಮುಕ್ಕಾಲು ಪಾಲು ಸಮುದ್ರದ ಮೇಲೇ ಇರುತ್ತದೆ. ನೆಲದ ಮೇಲೆ ಬಂದಾಗಲೂ ಎಲ್ಲ ಗಿರಾಕಿಗಳಿಗೂ ಬೇಕಿರುವುದು ಅದೇ ಬಂದರು, ಅದೇ ಗಡಿ, ಅದೇ ವಾಯುನೆಲೆ. ಅಲ್ಲಿ ನೂಕುನುಗ್ಗಲು, ಬೇರೆಲ್ಲ ಕಡೆ ಕ್ಯಾಮೆರಾ ಖಾಲಿ.

ಹೊಸಬಳು_22

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಂಗಡಿಗಳ ಪಾರ್ಕಿಂಗ್‌ನಲ್ಲಿ ಕಾರು ಎಣಿಸಿ ಷೇರು ಕೊಳ್ಳುವವರಿಗೆ ಮಾಹಿತಿ ಮಾರುತ್ತಾರೆ ಅಂತ ಓದಿದ್ದೆ. ಅದು ಖಾಸಗಿ ಮಾರುಕಟ್ಟೆ ಅಲ್ವಾ?

ನೆರಳು_ಮಾಪಕ

@ಹೊಸಬಳು_22, ಒಳ್ಳೇ ಪ್ರಶ್ನೆ ಮೇಡಂ. ಇದೇ ಕೆಲಸ ಕೆಲವು ಕಾಲ ಮಾಡಿದ್ದೇನೆ. ಕಾರಿಗಿಂತ ಎಣ್ಣೆ ಟ್ಯಾಂಕ್‌ದು ಸೊಗಸಾದ ಕಥೆ, ಅದನ್ನೇ ಹೇಳುತ್ತೇನೆ.

ಕಚ್ಚಾ ಎಣ್ಣೆಯ ದೊಡ್ಡ ಟ್ಯಾಂಕ್‌ಗಳಿಗೆ ಗಟ್ಟಿ ಮುಚ್ಚಳ ಇರುವುದಿಲ್ಲ. ಮುಚ್ಚಳ ಎಣ್ಣೆಯ ಮೇಲೆಯೇ ತೇಲುತ್ತದೆ. ಎಣ್ಣೆ ಖಾಲಿಯಾದಂತೆ ಅದೂ ಕೆಳಗೆ ಇಳಿಯುತ್ತದೆ. ಮೇಲಿನಿಂದ ಚಿತ್ರ ತೆಗೆದರೆ ಎರಡು ನೆರಳು ಕಾಣುತ್ತವೆ. ಒಂದು, ಟ್ಯಾಂಕ್ ಹೊರಗೆ ನೆಲದ ಮೇಲೆ ಬೀಳುವ ನೆರಳು. ಅದು ಟ್ಯಾಂಕ್‌ನ ಪೂರ್ತಿ ಎತ್ತರದ್ದು. ಇನ್ನೊಂದು, ಅಂಚಿನ ಗೋಡೆ ಒಳಗೆ ಮುಚ್ಚಳದ ಮೇಲೆ ಬೀಳಿಸುವ ಕಮಾನಿನಂಥ ನೆರಳು. ಅದು ಎಷ್ಟು ಖಾಲಿ ಇದೆಯೋ ಅಷ್ಟೇ ಉದ್ದ. ಒಳಗಿನದನ್ನು ಹೊರಗಿನದರಿಂದ ಭಾಗಿಸಿದರೆ ಟ್ಯಾಂಕ್ ಎಷ್ಟು ಪಾಲು ಖಾಲಿ ಅಂತ ಬಂತು. ಸೂರ್ಯ ಎಷ್ಟು ಎತ್ತರದಲ್ಲಿದ್ದ ಅನ್ನುವ ತಲೆನೋವೂ ಇಲ್ಲ, ಭಾಗಾಕಾರದಲ್ಲಿ ಅದು ತಾನೇ ಹೊಡೆದುಹೋಗುತ್ತದೆ. ಮೊದಲ ಸಲ ನೋಡಿದಾಗ ಖುಷಿಯಾಗಿತ್ತು.

ಆದರೆ ವ್ಯಾಪಾರವಾಗಿ? ಈ ಮಾಹಿತಿಯ ಬೆಲೆ ಇರುವುದು ಬೇರೆಯವರಿಗೆ ಗೊತ್ತಿಲ್ಲದಿರುವ ತನಕ ಮಾತ್ರ. ಷೇರು, ಸರಕಿನಲ್ಲಿ ದುಡ್ಡು ಹೂಡುವ ಹತ್ತು ಫಂಡ್‌ಗಳಿಗೆ ಮಾರಿದರೆ ಹನ್ನೊಂದನೆಯವನಿಗೆ ಅದು ಹಳೇ ಸುದ್ದಿ. ಒಬ್ಬನಿಗೇ ಮಾರೋಣ ಅಂದರೆ ಅವನೊಬ್ಬ ಕೊಡುವ ದುಡ್ಡಿನಲ್ಲಿ ಕಂಪನಿ ನಡೆಯಲ್ಲ. ಈ ದಾರಿಯಲ್ಲಿ ಹೆಸರು ಮಾಡಿದ ಆರ್ಬಿಟಲ್ ಇನ್‌ಸೈಟ್ ಕೊನೆಗೆ 2024ರಲ್ಲಿ ಪ್ರೈವೆಟೀರ್ ಅನ್ನುವ ಕಂಪನಿಯ ಪಾಲಾಯಿತು. ಡೆಸ್ಕಾರ್ಟ್ಸ್ ಲ್ಯಾಬ್ಸ್ 2022ರಲ್ಲೇ ಕೈ ಬದಲಾಯಿಸಿತ್ತು. ಬುದ್ಧಿವಂತರ ಕೊರತೆ ಎರಡೂ ಕಡೆ ಇರಲಿಲ್ಲ.

ಕಲ್ಲುಕ್ವಾರಿ

ಕೊಳ್ಳುವವನ ಕಡೆಯಿಂದ ಒಂದು ಮಾತು. ನಮ್ಮದು ಸಣ್ಣ ಸರ್ವೆ ಕಂಪನಿ. ಒಂದು ಗಣಿಯಲ್ಲಿ ಎಷ್ಟು ಮಣ್ಣು ಅಗೆದಿದ್ದಾರೆ ಅಂತ ನೋಡಬೇಕಿತ್ತು. ಜಾಗ ಎರಡು ಚದರ ಕಿ.ಮೀ. ಕೂಡ ಇಲ್ಲ.

ಬೆಲೆ ವೆಬ್‌ಸೈಟಿನಲ್ಲಿ ಇಲ್ಲ. "ನಮ್ಮನ್ನು ಸಂಪರ್ಕಿಸಿ" ಅಂತ ಬಟನ್. ಸಂಪರ್ಕಿಸಿದೆವು. ಆರ್ಕೈವ್‌ನಿಂದಾದರೆ ಕನಿಷ್ಠ 25 ಚದರ ಕಿ.ಮೀ. ಕೊಳ್ಳಬೇಕು, ಹೊಸದಾಗಿ ತೆಗೆಸಿದರೆ ಕನಿಷ್ಠ 100 ಅಂದರು. ಬೇಡದ ಬೆಟ್ಟ, ಹೊಲ, ಕೆರೆ ಎಲ್ಲದಕ್ಕೂ ನಾವೇ ದುಡ್ಡು ಕೊಡಬೇಕು. ಲೈಸೆನ್ಸ್ ಓದಲು ವಕೀಲರು ಬೇಕು. ಚಿತ್ರವನ್ನು ಗಣಿ ಮಾಲೀಕರಿಗೆ ತೋರಿಸಬಹುದು, ಫೈಲ್ ಕೊಡುವಂತಿಲ್ಲ. ಮೋಡ ಇದ್ದರೆ? 15 ಪರ್ಸೆಂಟ್ ತನಕ ಮೋಡ ಇದ್ದರೂ ಒಪ್ಪಿಕೊಳ್ಳಬೇಕು. ಆ 15 ಪರ್ಸೆಂಟ್ ಸರಿಯಾಗಿ ನಮ್ಮ ಗಣಿ ಮೇಲೇ ಕೂತರೆ ನಮ್ಮ ಹಣೆಬರಹ.

ಡ್ರೋನ್ ಹಾರಿಸಿದೆವು. ಅರ್ಧ ದಿನದಲ್ಲಿ ಮುಗೀತು.

ಈ ಉದ್ಯಮದವರು ಸರ್ಕಾರಕ್ಕೆ ಮಾರಿ ಮಾರಿ ಸಣ್ಣ ಗಿರಾಕಿಗೆ ಮಾರುವುದನ್ನೇ ಮರೆತಿದ್ದಾರೆ ಅಂತ ನನ್ನ ಅನಿಸಿಕೆ. ಈಗೀಗ ಚೂರು ಜಾಗಕ್ಕೂ ಆನ್‌ಲೈನ್‌ನಲ್ಲೇ ಆರ್ಡರ್ ಮಾಡುವ ಸೌಲಭ್ಯ ಕೆಲವರು ತಂದಿದ್ದಾರೆ. ತಡವಾಯಿತು, ಆದರೂ ಸರಿ.

ಲೆಕ್ಕಾಚಾರಿ

ಎರಡು ಚದರ ಕಿ.ಮೀ.ಗೆ ಡ್ರೋನೇ ಸರಿ, ಸರ್. ಅದರಲ್ಲಿ ಉಪಗ್ರಹದವರ ತಪ್ಪು ಹುಡುಕುವುದು ಸುಮ್ನೆ.

ಕಲ್ಲುಕ್ವಾರಿ

ಮಾರುಕಟ್ಟೆ ವರದಿಯಲ್ಲಿ "ಗಣಿ" ಅಂತ ನಮ್ಮನ್ನು ಎಣಿಸುವುದನ್ನು ಬಿಟ್ಟರೆ ನಾನೂ ತಪ್ಪು ಹುಡುಕಲ್ಲ.

ರಾಡಾರ್_ರಾಣಿ

ಎಲ್ಲರೂ ಫೋಟೋ ಬಗ್ಗೆಯೇ ಮಾತಾಡುತ್ತಿದ್ದೀರಿ. ಯಾವ ಹೊತ್ತಿನಲ್ಲಿ ನೋಡಿದರೂ ಭೂಮಿಯ ಮೂರನೇ ಎರಡು ಭಾಗ ಮೋಡದ ಕೆಳಗಿರುತ್ತದೆ. ಪ್ರವಾಹ ಬರುವುದೇ ಮೋಡ ಇದ್ದಾಗ. ಫೋಟೋ ತೆಗೆಯುವ ಉಪಗ್ರಹ ಆಗ ಏನು ಮಾಡುತ್ತದೆ?

ಸಾರ್ (SAR) ಅನ್ನುವ ರಾಡಾರ್ ಉಪಗ್ರಹ ತಾನೇ ಅಲೆ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುತ್ತದೆ. ರಾತ್ರಿಯೂ ಆಗುತ್ತದೆ, ಮೋಡದ ಮೂಲಕವೂ ಆಗುತ್ತದೆ. ನಿಂತ ನೀರು ಅಲೆಯನ್ನು ಆಚೆ ಕಡೆಗೆ ಜಾರಿಸಿಬಿಡುತ್ತದೆ, ಹಾಗಾಗಿ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಹೊಲ ಮುಳುಗಿದ್ದನ್ನು ಗುರುತಿಸುವುದು ಸುಲಭ. ಊರೊಳಗೆ ಇದು ಉಲ್ಟಾ. ಅಲೆ ನೀರಿಗೆ ಬಡಿದು, ಗೋಡೆಗೆ ಬಡಿದು ಸೀದಾ ಉಪಗ್ರಹಕ್ಕೇ ವಾಪಸ್ ಬರುತ್ತದೆ. ಮುಳುಗಿದ ಬೀದಿ ಮೊದಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಕಪ್ಪು ಹುಡುಕಿಕೊಂಡು ಕೂತವರು ಊರೆಲ್ಲ ಒಣಗಿದೆ ಅಂತ ವರದಿ ಕೊಟ್ಟುಬಿಡುತ್ತಾರೆ. ಕಣ್ಣಿಗೆ ಅಭ್ಯಾಸ ಬೇಕು.

ಈ ಕೆಲಸಕ್ಕೆ ದುಡ್ಡು ಕೊಡುವ ಖಾಸಗಿಯವರು ಇದ್ದಾರೆ: ವಿಮೆಯವರು ಮತ್ತು ಮರುವಿಮೆಯವರು (ವಿಮೆ ಕಂಪನಿಗಳಿಗೇ ವಿಮೆ ಕೊಡುವವರು). ಪ್ರವಾಹ ಆದ ಮರುದಿನ ಎಷ್ಟು ಮನೆಗೆ ಎಷ್ಟು ಎತ್ತರ ನೀರು ನುಗ್ಗಿದೆ ಅಂತ ಗೊತ್ತಾದರೆ ಎಷ್ಟು ದುಡ್ಡು ತೆಗೆದಿಡಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಫಿನ್ಲೆಂಡಿನ ಐಸ್‌ಐ ಕಂಪನಿ ಈ ದಾರಿ ಹಿಡಿಯಿತು. ಅವರ ಮೊದಲ ಉಪಗ್ರಹ 2018ರ ಜನವರಿಯಲ್ಲಿ ಪಿಎಸ್‌ಎಲ್‌ವಿಯಲ್ಲೇ ಹಾರಿದ್ದು. 100 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಸಾರ್ ಮಾಡಬಹುದು ಅಂತ ತೋರಿಸಿದ್ದು ಅದು. ಅವರು ವಿಮೆಯವರಿಗೆ ಚಿತ್ರ ಮಾರಲು ಹೋಗಲಿಲ್ಲ. ವಿಳಾಸದ ಎದುರು ನೀರಿನ ಆಳ ಬರೆದು ಕೊಟ್ಟರು. ನನ್ನ ಪ್ರಕಾರ ಗುಟ್ಟು ಅಲ್ಲೇ ಇದೆ. ವಿಮೆ ಕಂಪನಿಯಲ್ಲಿ ಕೂತವನಿಗೆ ಪಿಕ್ಸೆಲ್ ಬೇಡ. ಅವನ ಟೇಬಲ್‌ನಲ್ಲಿ ಒಂದು ಕಾಲಮ್ ಜಾಸ್ತಿ ಬೇಕು, ಅಷ್ಟೇ.

ಹಳೇ_ನಕ್ಷೆ

ಒಪ್ಪುತ್ತೇನೆ ಮೇಡಂ. ಆದರೂ ಅದೇ ಐಸ್‌ಐ ಈಗ ಯಾವ ಕಡೆ ಹೊರಳಿದೆ ನೋಡಿ. 2022ರಲ್ಲಿ ಉಕ್ರೇನಿನ ಒಂದು ಪ್ರತಿಷ್ಠಾನ ಜನರಿಂದ ಚಂದಾ ಎತ್ತಿ ಅವರ ಉಪಗ್ರಹದ ಸೇವೆ ಕೊಂಡಿತು. 2025ರಲ್ಲಿ ಜರ್ಮನಿಯ ಶಸ್ತ್ರಾಸ್ತ್ರ ಕಂಪನಿ ರೈನ್‌ಮೆಟಾಲ್ ಜೊತೆ ಸೇರಿ ಉಪಗ್ರಹ ತಯಾರಿಸುವ ಒಪ್ಪಂದ ಆಯಿತು. ವಿಮೆಯವರಿಗೆ ಮಾರಿದರೂ ದೊಡ್ಡ ದುಡ್ಡು ಬಂದಿದ್ದು ಸೇನೆಯಿಂದಲೇ.

ಹೊಸಬಳು_22

ಯುರೋಪಿನ ಸರ್ಕಾರಗಳ ಸೆಂಟಿನೆಲ್ ಉಪಗ್ರಹಗಳ ಚಿತ್ರ ಉಚಿತ ಅಲ್ವಾ? ಅದರಿಂದಲೇ ಇವರ ವ್ಯಾಪಾರ ಹಾಳಾಗುತ್ತಿದೆ ಅಂತ ಕೆಲವರು ಹೇಳುತ್ತಾರೆ.

ರಾಡಾರ್_ರಾಣಿ

ಹೇಳುತ್ತಾರೆ, ಆದರೆ ಅದು ಸರಿಯಲ್ಲ. ಸೆಂಟಿನೆಲ್-2 ಕೊಡುವುದು 10 ಮೀಟರ್ ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ ಅಂದರೆ 10 ಮೀಟರ್ ನೆಲ), ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ, 13 ಬ್ಯಾಂಡ್ (ಬೆಳಕಿನ ಬೇರೆ ಬೇರೆ ಬಣ್ಣದ ಪಟ್ಟಿ). ಅದರಲ್ಲಿ ಕೈ ಪಳಗಿಸಿಕೊಂಡವರೇ ಆಮೇಲೆ "ಇನ್ನೂ ಚೆನ್ನಾಗಿ ಕಾಣಬೇಕಲ್ಲ" ಅಂತ ದುಡ್ಡು ಕೊಟ್ಟು ಕೊಳ್ಳುವುದು. ಉಚಿತದ್ದು ಇಲ್ಲದಿದ್ದರೆ ಈ ಉದ್ಯಮಕ್ಕೆ ಕೆಲಸಗಾರರೇ ಸಿಗುತ್ತಿರಲಿಲ್ಲ. ನಷ್ಟ ಆಗಿದ್ದು 10 ಮೀಟರ್ ಚಿತ್ರವನ್ನೇ ಮಾರುತ್ತೇನೆ ಅಂತ ಕೂತವರಿಗೆ ಮಾತ್ರ.

ಭಯ ಬೇರೆ ಕಡೆ ಇದೆ. 2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್-1ಬಿ ಅನ್ನುವ ರಾಡಾರ್ ಉಪಗ್ರಹ ಕರೆಂಟ್ ಸರಬರಾಜಿನ ತೊಂದರೆಯಿಂದ ನಿಂತಿತು. ಅದರ ಜಾಗಕ್ಕೆ 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಮಧ್ಯದ ಮೂರು ವರ್ಷ ಎಷ್ಟೋ ಕಡೆ ಚಿತ್ರ ಬರುವುದು ಅರ್ಧಕ್ಕೆ ಇಳಿಯಿತು. ಉಚಿತ ಡೇಟಾ ಮೇಲೆ ಸೇವೆ ಕಟ್ಟಿದವರು ಯಾರಿಗೆ ದೂರು ಕೊಡಬೇಕು? ಕಾಂಟ್ರಾಕ್ಟೇ ಇಲ್ಲವಲ್ಲ. 2025ರ ಜುಲೈ 30ರಂದು ಹಾರಿದ ಇಸ್ರೊ-ನಾಸಾ ಜಂಟಿ ರಾಡಾರ್ ಉಪಗ್ರಹ ನೈಸಾರ್‌ನ ಡೇಟಾ ಕೂಡ ಉಚಿತವೇ, 12 ದಿನಕ್ಕೊಮ್ಮೆ ನೆಲದ ಸಣ್ಣ ಕದಲಿಕೆಯನ್ನೂ ಹಿಡಿಯುತ್ತದೆ. ಸಂತೋಷ. ಆದರೆ ಅದೂ ಒಂದೇ ಒಂದು ಉಪಗ್ರಹ.

ಗಡಿರೇಖೆ

ಮುಂದೇನು ಅನ್ನುವ ಪ್ರಶ್ನೆಗೆ 2025ರ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು ಅಂತ ನಾನು ಅಂದುಕೊಂಡಿದ್ದೇನೆ. ಅಮೆರಿಕ ಸರ್ಕಾರ ತನ್ನ ಪೋರ್ಟಲ್ ಮೂಲಕ ಉಕ್ರೇನಿಗೆ ಸಿಗುತ್ತಿದ್ದ ಮ್ಯಾಕ್ಸಾರ್ ಚಿತ್ರಗಳನ್ನು ಸ್ವಲ್ಪ ದಿನ ನಿಲ್ಲಿಸಿತು. ಆಮೇಲೆ ಮತ್ತೆ ಬಿಟ್ಟರು. ಆದರೆ ಯುರೋಪಿನ ಪ್ರತಿ ರಕ್ಷಣಾ ಸಚಿವಾಲಯಕ್ಕೂ ವಿಷಯ ಅರ್ಥವಾಯಿತು. ಬೇರೆಯವರ ಸ್ವಿಚ್ಚಿನಲ್ಲಿ ನಮ್ಮ ಕಣ್ಣು ಇರಬಾರದು.

ಅದೇ ವರ್ಷ ಪ್ಲಾನೆಟ್‌ಗೆ ಬಂದ ಆರ್ಡರ್ ನೋಡಿ. ಜಪಾನಿನ ಉಪಗ್ರಹ ಕಂಪನಿ ಜೆಸ್ಯಾಟ್‌ನಿಂದ 230 ಮಿಲಿಯನ್ ಡಾಲರ್. ಜರ್ಮನ್ ಸರ್ಕಾರದ ಹಣದಲ್ಲಿ 240 ಮಿಲಿಯನ್ ಯೂರೋ. ಇವರು ಕೊಂಡಿದ್ದು ಬರೀ ಚಿತ್ರ ಅಲ್ಲ. ಉಪಗ್ರಹದ ಸಾಮರ್ಥ್ಯವನ್ನೇ ಮೀಸಲಿಟ್ಟುಕೊಂಡರು. ಎರಡು ವರ್ಷ ಜನರನ್ನು ಕಡಿಮೆ ಮಾಡಿದ ಕಂಪನಿಯ ಷೇರು ಆ ವರ್ಷ ಜಿಗಿದಿದ್ದಕ್ಕೆ ಇದೂ ಒಂದು ಕಾರಣ. ಭಾರತದಲ್ಲೂ 2025ರಲ್ಲಿ ಬೆಂಗಳೂರಿನ ಪಿಕ್ಸೆಲ್ (Pixxel) ಕಂಪನಿ ನೇತೃತ್ವದ ಗುಂಪಿಗೆ 12 ಉಪಗ್ರಹಗಳ ಯೋಜನೆ ಸಿಕ್ಕಿತು, ಸರ್ಕಾರದ ಜೊತೆ ಪಾಲುದಾರಿಕೆಯಲ್ಲಿ.

ಹಾಗಾಗಿ ಹತ್ತು ವರ್ಷದ ನಂತರ ಜಗತ್ತಿಗೆಲ್ಲ ಒಂದೇ ದೊಡ್ಡ ಚಿತ್ರದಂಗಡಿ ಇರುತ್ತದೆ ಅಂತ ನನಗೆ ಅನ್ನಿಸಲ್ಲ. ಪ್ರತಿ ದೇಶವೂ ತನ್ನದೇ ನಾಲ್ಕು ಉಪಗ್ರಹ ಇಟ್ಟುಕೊಳ್ಳುತ್ತದೆ. ಕಂಪನಿಗಳು ಅವನ್ನು ಕಟ್ಟಿ, ನಡೆಸಿ, ಸಂಬಳ ತೆಗೆದುಕೊಳ್ಳುತ್ತವೆ. ಲೆಕ್ಕಪತ್ರದಲ್ಲಿ ಒಳ್ಳೇ ವ್ಯಾಪಾರ. ಆದರೆ ಅದನ್ನು ಮುಕ್ತ ಮಾರುಕಟ್ಟೆ ಅಂತ ಕರೆಯಬೇಡಿ.

ಲೆಕ್ಕಾಚಾರಿ

ಸರ್ಕಾರವನ್ನೂ ಅಷ್ಟು ನೆಚ್ಚಿಕೊಳ್ಳಬೇಡಿ. ಎನ್‌ಆರ್‌ಒ ಚಿತ್ರ ಕೊಳ್ಳುವ ಬಜೆಟ್‌ಗೇ 2025ರಲ್ಲಿ ದೊಡ್ಡ ಕತ್ತರಿಯ ಪ್ರಸ್ತಾಪ ಬಂದಿತ್ತು. ಒಬ್ಬನೇ ಗಿರಾಕಿ ಇದ್ದರೆ ಅವನು ಕೆಮ್ಮಿದರೂ ಭಯ.

ಹೊಗೆ_ಹುಡುಕ

ಕಾನೂನಿನಿಂದ ಹುಟ್ಟುವ ಮಾರುಕಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಯುರೋಪಿನ ಅರಣ್ಯನಾಶ ನಿಯಮ ತಗೊಳ್ಳಿ. ಕಾಫಿ, ಕೋಕೋ, ರಬ್ಬರ್, ಸೋಯಾ ಬೆಳೆದ ಜಾಗದಲ್ಲಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲ ಅಂತ ತೋರಿಸಬೇಕು. ತೋಟದ ಅಕ್ಷಾಂಶ ರೇಖಾಂಶ ಸಮೇತ. ಹಳೇ ತಾರೀಖಿನ ಸಾಕ್ಷಿ ಉಪಗ್ರಹದ ಆರ್ಕೈವ್ ಬಿಟ್ಟು ಇನ್ನೆಲ್ಲಿ ಸಿಗುತ್ತದೆ? ಎಷ್ಟೋ ಸಣ್ಣ ಕಂಪನಿಗಳು ಇದನ್ನೇ ನಂಬಿ ಶುರುವಾದವು. ನಿಯಮ ಜಾರಿಯಾಗುವುದು ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವರ ಬಂಡವಾಳ ಕರಗಿತು.

ಮೀಥೇನ್ ಅನಿಲದ ಸೋರಿಕೆ ಹುಡುಕುವುದು ಕೂಡ ಹಾಗೆಯೇ. ಕೆನಡಾದ ಜಿಎಚ್‌ಜಿಸ್ಯಾಟ್ 2016ರಿಂದ ಇದೇ ಕೆಲಸ ಮಾಡುತ್ತಿದೆ. ಪೈಪ್ ಸೋರುವ ಒಂದೊಂದು ಜಾಗವನ್ನೂ ಬೊಟ್ಟು ಮಾಡಿ ತೋರಿಸುತ್ತದೆ. ಸೋರುವ ಅನಿಲ ಕಂಪನಿಗೇ ನಷ್ಟ, ಹಾಗಾಗಿ ಕೆಲವರು ಕಾನೂನಿಲ್ಲದೆಯೂ ಕೊಳ್ಳುತ್ತಾರೆ. ಪರಿಸರ ಸಂಸ್ಥೆಯೊಂದು ದೇಣಿಗೆಯಿಂದ 88 ಮಿಲಿಯನ್ ಡಾಲರ್ ಖರ್ಚು ಮಾಡಿ ಮೀಥೇನ್‌ಸ್ಯಾಟ್ ಹಾರಿಸಿತು, 2024ರ ಮಾರ್ಚ್‌ನಲ್ಲಿ. 2025ರ ಜೂನ್‌ನಲ್ಲಿ ಸಂಪರ್ಕ ಕಡಿದುಹೋಯಿತು. ತುಂಬಾ ಬೇಜಾರಾಯಿತು ಆ ಸುದ್ದಿ ಓದಿ.

ನೆರಳು_ಮಾಪಕ

ಎಐ ಮಾತು ಬರದೆ ಇರಲ್ಲ, ನಾನೇ ಎತ್ತುತ್ತೇನೆ. 2025ರಲ್ಲಿ ಗೂಗಲ್‌ನವರು ಆಲ್ಫಾಅರ್ಥ್ ಅಂತ ಬಿಟ್ಟರು. ನೆಲದ ಪ್ರತಿ 10 ಮೀಟರ್ ಚೌಕಕ್ಕೆ ವರ್ಷಕ್ಕೊಂದರಂತೆ 64 ಅಂಕಿಗಳ ಸಾರಾಂಶ. ಮೋಡ ತೆಗೆಯುವುದು, ಹಲವು ಉಪಗ್ರಹದ ಚಿತ್ರ ಹೊಂದಿಸುವುದು, ಇಂಥ ತಿಂಗಳುಗಟ್ಟಲೆ ಕೆಲಸ ಅವರೇ ಮುಗಿಸಿಟ್ಟಿದ್ದಾರೆ. ಚಿತ್ರವನ್ನು "ಸಂಸ್ಕರಿಸಿ" ಮಾರುತ್ತಿದ್ದ ಮಧ್ಯದವರಿಗೆ ಇದು ಕಷ್ಟ.

ಆದರೆ ಇದು ಭತ್ತ, ಇದು ಜೋಳ ಅಂತ ಆ ಅಂಕಿಗಳು ತಾವಾಗಿ ಹೇಳಲ್ಲ. ಯಾರೋ ಹೊಲಕ್ಕೆ ಹೋಗಿ, ನಿಂತು, ಫೋನಿನಲ್ಲಿ ಗುರುತು ಹಾಕಿಕೊಂಡು ಬರಬೇಕು. ಸಾವಿರ ಹೊಲದ ಗಟ್ಟಿ ಗ್ರೌಂಡ್ ಟ್ರೂತ್ ಇರುವವನ ಕೈಯಲ್ಲಿ ಈಗ ಜಾಸ್ತಿ ಬೆಲೆಯ ವಸ್ತು ಇದೆ. ಹೊಸದಾಗಿ ಇಪ್ಪತ್ತು ಉಪಗ್ರಹ ಹಾರಿಸಿದವನಿಗಿಂತ.

ಪಿಕ್ಸೆಲ್_ಪ್ರಿಯ

ಎಲ್ಲರಿಗೂ ಧನ್ಯವಾದ. ಓದಿದ ಮೇಲೆ ನನಗೆ ಹೀಗೆ ಕಾಣುತ್ತಿದೆ. ಉಪಗ್ರಹ ಕಟ್ಟುವವರು ಸರ್ಕಾರಗಳ ಗುತ್ತಿಗೆದಾರರಾಗಿ ಬದುಕುತ್ತಾರೆ. ಖಾಸಗಿ ದುಡ್ಡು ಇರುವುದು ವಿಮೆ, ಅನಿಲ, ಸರಕು ಇಂಥ ಒಂದು ಕಸುಬನ್ನು ಒಳಗಿನಿಂದ ಬಲ್ಲವರಿಗೆ. ಅವರಿಗೆ ಸ್ವಂತ ಉಪಗ್ರಹ ಇರಲೇಬೇಕು ಅಂತೇನಿಲ್ಲ. @ಗಡಿರೇಖೆ, ಇಷ್ಟಾದರೂ ಒಪ್ಪುತ್ತೀರಾ?

ಗಡಿರೇಖೆ

ಮೊದಲನೆಯದು ಪೂರ್ತಿ ಒಪ್ಪಿಗೆ. ಎರಡನೆಯದರಲ್ಲಿ ಅನುಮಾನ ಇದೆ. ಡೇಟಾ ಕೊಡುವವನು ನಾಳೆ ರಕ್ಷಣಾ ಇಲಾಖೆಗೆ ಆದ್ಯತೆ ಕೊಟ್ಟು ನಿಮ್ಮ ಆರ್ಡರ್ ಪಕ್ಕಕ್ಕಿಟ್ಟರೆ ವಿಮೆಯವನಿಗೆ ಏನು ಹೇಳುತ್ತೀರಿ?

ರಾಡಾರ್_ರಾಣಿ

ಅದಕ್ಕೇ ಕಾಂಟ್ರಾಕ್ಟ್ ಇಬ್ಬರ ಜೊತೆ ಮಾಡಿಕೊಳ್ಳುವುದು. ಒಬ್ಬರದು ಆಪ್ಟಿಕಲ್ (ಫೋಟೋ ತೆಗೆಯುವುದು), ಒಬ್ಬರದು ಸಾರ್, ಜೊತೆಗೆ ಸೆಂಟಿನೆಲ್. @ಹೊಸಬಳು_22, ಕಲಿಯುತ್ತಿದ್ದರೆ ಸೆಂಟಿನೆಲ್-1ರ ಹಳೇ ಪ್ರವಾಹದ ಚಿತ್ರ ಒಂದು ಇಳಿಸಿಕೊಳ್ಳಿ. ಊರೊಳಗಿನ ಬೆಳ್ಳಗಿನ ಬೀದಿಗಳಲ್ಲಿ ಯಾವುದು ಮುಳುಗಿದ್ದು, ಯಾವುದು ಮೊದಲಿಂದಲೂ ಬೆಳ್ಳಗಿದ್ದದ್ದು ಅಂತ ಬೇರೆ ಮಾಡಿ ನೋಡಿ. ಪ್ರವಾಹಕ್ಕೆ ಮೊದಲು ಅದೇ ಕಕ್ಷೆಯಿಂದ, ಅದೇ ಕೋನದಲ್ಲಿ ತೆಗೆದ ಚಿತ್ರವೂ ಬೇಕಾಗುತ್ತದೆ. ಎಲ್ಲಿ ಸಿಕ್ಕಿಕೊಂಡಿರಿ ಅಂತ ಇಲ್ಲೇ ಬರೆಯಿರಿ, ನೋಡೋಣ.